ಬರ್ರಿ, ಬರ್ರಿ, ಬರ್ರಿ... ಸಾಕ!

ಬೆಳಿಗ್ಗೆ ಚಹಾದ ಕಪ್ಪು ಬಾಯಿಯವರೆಗೆ ತರುವಷ್ಟರಲ್ಲಿ ಬಲರಟ್ಟೆ ಚುಳ್ ಎಂದಿತು. "ನಿನ್ನಿ ಕುಸ್ತಿ ಹಿಡದಿದ್ರೇನ್ರಿ?" ಎಂದಳು ಹೆಂಡತಿ. ಹಿಡಿದಿದ್ದೆ. ಸಂಜೆ ಹುಬ್ಬಳ್ಳಿಯ ದುರ್ಗದಬೈಲ್ ಪೇಟೆ ಹತ್ತಿರ ಒಂದು ಕಡೆ ಮಿರ್ಚಿ ಗಾಡಿ, ಇನ್ನೊಂದು ಕಡೆ ಮಲಗಿದ್ದ ಆಕಳು, ನಡುವೆ ಅಪ್ಪನ 1982ರ ಪದ್ಮಿನಿ ಕಾರು ಮತ್ತು ನಾನು. ಆಕಳಾದರೂ ಎದ್ದು ಹೋಯಿತು, ಸ್ಟೇರಿಂಗ್ ಜಪ್ಪಯ್ಯ ಅನ್ನಲಿಲ್ಲ.

ಪವರ್ ಸ್ಟೇರಿಂಗ್ ಎಂಬುದನ್ನು ಆ ಕಾರು ಕೇಳಿಯೂ ಗೊತ್ತಿಲ್ಲ. ಇರುವ ಪವರೆಲ್ಲ ನಮ್ಮ ರಟ್ಟೆಯದು. ಅದೂ ರೊಟ್ಟಿ ಬಿಟ್ಟು ಓಟ್ಸ್ ಹಿಡಿದ ಮೇಲೆ ಅಷ್ಟಕ್ಕಷ್ಟೇ.

ಪೇಟೆ ದಾಟಿ ಬಂದರೂ ಮನೆ ಗೇಟಿನಲ್ಲಿ ಎದುರುಮನೆ ಕಾಕಾ ಇರುತ್ತಾರೆ. ಹಾರ್ನ್ ಕೇಳಿದರೆ ಸಾಕು, ಬನಿಯನ್ ಮೇಲೊಂದು ಟವೆಲ್ ಹೊದ್ದು ಕಾರಿನ ಹಿಂದೆ ಹಾಜರ್. "ಬರ್ರಿ, ಬರ್ರಿ, ಬರ್ರಿ... ಎಡಕ್ಕ ಕಟ್ ಹೊಡೀರಿ... ಅಲ್ಲರಿ, ನನ್ನ ಎಡಕ್ಕ!" ಅಷ್ಟರಲ್ಲಿ ಅವರು ಗೇಟು ನೋಡಲು ತಿರುಗಿರುತ್ತಾರೆ, ಅವರ ಎಡವೂ ತಿರುಗಿರುತ್ತದೆ. ನಾನು ನಿಂತ ಗಾಡಿಯಲ್ಲಿ ಹಲ್ಲು ಕಚ್ಚಿ ಅರ್ಧ ಸುತ್ತು ತಿರುವುವಷ್ಟರಲ್ಲಿ "ಪೂರಾ ಹೊಡೀರಿ, ಯಾಕ ಜೀವ ಹಿಡೀತೀರಿ?" ಜೀವ ಹೋಗುತ್ತಿರುತ್ತದೆ, ಹಿಡಿಯುವುದೆಲ್ಲಿ! ಇನ್ನು 'ಸಾಕ' ಎಂಬ ಮಾತು. ಅದು ಅವರ ಬಾಯಿಂದ ಹೊರಡಬೇಕಾದರೆ ಮೊದಲು ಧಡ್ ಅನ್ನಬೇಕು. ಧಡ್. "ಸಾಕ." ಹೋದ ತಿಂಗಳು ನಮ್ಮ ತುಳಸಿ ಕುಂಡ. ಅದರ ಹಿಂದಿನ ತಿಂಗಳು ಅವರದೇ ಸೈಕಲ್. ಅವತ್ತು 'ಸಾಕ' ಸ್ವಲ್ಪ ಜೋರಾಗಿ ಬಂತು, ಆದರೆ ಧಡ್ ಆದಮೇಲೆಯೇ.

ಇವತ್ತು ರಜೆ ಹಾಕಿ ಹಳೇ ಹುಬ್ಬಳ್ಳಿಯ ಮಿಸ್ತ್ರಿ ಬಳಿ ಹೋದೆ. ಮುಂದಿನ ಟೈರಿನ ಗಾಳಿ 14ಕ್ಕೆ ಇಳಿದು, ಟೈರು ಬಡಿದ ರೊಟ್ಟಿಯಂತೆ ನೆಲಕ್ಕೆ ಹರಡಿತ್ತು. ಮುಂದಿನ ಗಾಲಿಗಳು ಎಡಬಲ ತಿರುಗುವ ಕೀಲುಗಳಾದ ಕಿಂಗ್‌ಪಿನ್ನುಗಳು ಗ್ರೀಸ್ ಕಂಡು ಮೂರು ವರ್ಷ. ಸ್ಟೇರಿಂಗ್ ಬಾಕ್ಸಿನಲ್ಲಿ ಗೇರ್ ಆಯಿಲ್ ತಳ ಕಂಡಿತ್ತು. ಎಲ್ಲ ಆದಮೇಲೆ ಮಿಸ್ತ್ರಿ ಒಳಗೆ ಇಣುಕಿ, "ಈ ಆಟಗೀ ಸಾಮಾನ ಯಾರ ಹಾಕ್ಯಾರ್ರಿ?" ಎಂದ. ನನ್ನ ತಂಗಿಯ ಮಗ 'ಸ್ಪೋರ್ಟ್ಸ್ ಲುಕ್' ಎಂದು ಹಾಕಿಸಿದ್ದ, ಊಟದ ತಾಟಿನಷ್ಟು ಸಣ್ಣ ಸ್ಟೇರಿಂಗ್ ಅದು. "ಗಿಡ್ಡ ಪಾನಾ ಹಿಡದ ಗಾಲಿ ನಟ್ ಬಿಚ್ಚಾಕ ಬರತೈತೇನ್ರಿ ಸರ? ಹಳೇದ ತಗೊಂಡ ಬರ್ರಿ."

ಹಳೆಯದು ಅಟ್ಟದ ಮೇಲಿತ್ತು. ಧೂಳು ಒರೆಸಿದೆ. ದೊಡ್ಡ, ತೆಳ್ಳನೆಯ ಚಕ್ರ. ಎರಡೂ ಬದಿ ಅಪ್ಪ ಹಿಡಿಯುತ್ತಿದ್ದ ಜಾಗ ಸವೆದು ನುಣುಪಾಗಿತ್ತು. "ನಿಂತಾಗ ತಿರುವಬ್ಯಾಡೋ, ಚೂರ ಉರುಳಲಿ, ಆಮ್ಯಾಲೆ ತಿರುವು" ಅನ್ನುತ್ತಿದ್ದರು. ಆಗ ನನ್ನ ಗಮನವೆಲ್ಲ ಹಾರ್ನ್ ಮೇಲೆ. ಅಟ್ಟದ ಏಣಿಯ ಮೇಲೆ ಕೂತು ಅದೇ ಜಾಗಕ್ಕೆ ಕೈಯಿಟ್ಟು ನೋಡಿದೆ. ನನ್ನ ಕೈ ಅಪ್ಪನದಕ್ಕಿಂತ ಸಣ್ಣದು.

ಸಂಜೆ ಮನೆಗೆ ಬಂದಾಗ ಕಾಕಾ ಟವೆಲ್ ಸಮೇತ ನಿಂತಿದ್ದರು. "ಬರ್ರಿ, ಬರ್ರಿ..." ಮೂರನೇ 'ಬರ್ರಿ'ಗೆ ಅವಕಾಶವಿಲ್ಲದಂತೆ, ನಿಧಾನ ಉರುಳಿಸುತ್ತ ಒಂದೇ ಕಟ್‌ನಲ್ಲಿ ಗಾಡಿ ಒಳಗೆ ಹೋಯಿತು. ಧಡ್ ಇಲ್ಲ. ಕಾಕಾ ಸ್ವಲ್ಪ ಹೊತ್ತು ತುಳಸಿ ಕುಂಡವನ್ನೂ ನನ್ನನ್ನೂ ನೋಡಿದರು.

"ಇಷ್ಟ ಲಗೂನ ಹೊಳ್ಳತಲ್ರಿ," ಎಂದರು, "ಏನೋ ಲೂಸ್ ಆಗಿರಬೇಕ. ನಾಳೆ ಮಿಸ್ತ್ರಿಗೆ ತೋರಸ್ರಿ."