ಕಳ್ಳ ಅಂದರು, ನನ್ನ ಮಾತು ಕೇಳಲೇ ಇಲ್ಲ

ಈಗಷ್ಟೇ ಆನ್‌ಲೈನ್ ಆಟವೊಂದರಲ್ಲಿ ನನ್ನನ್ನು ಗುಂಪಿನಿಂದ ತೆಗೆದುಹಾಕಿದರು. ಕೈ ಇನ್ನೂ ನಡುಗುತ್ತಿದೆ.

ಈ ಡಂಜನ್‌ಗಾಗಿ (ಗುಂಪಾಗಿ ಶತ್ರುಗಳ ಜೊತೆ ಹೋರಾಡುವ ಜಾಗ) 22 ನಿಮಿಷ ಕ್ಯೂನಲ್ಲಿ ಕಾದಿದ್ದೆ. ಅವ್ವ ಮೂರು ಸಲ ಊಟಕ್ಕೆ ಕರೆದಳು, ಏಳಲಿಲ್ಲ. ಒಳಗೆ ಹೋದ ಕೂಡಲೇ ಬರೆದೆ, 'ನನಗಿದು ಮೊದಲ ಸಲ, ತಪ್ಪಾದರೆ ಹೇಳಿ' ಅಂತ. ಯಾರೂ ಮಾತಾಡಲಿಲ್ಲ. ಟ್ಯಾಂಕ್, ಅಂದರೆ ಮುಂದೆ ನಿಂತು ಏಟು ತಡೆಯುವವನು, ಓಡಿದ, ಹಿಂದೆಯೇ ಓಡಿದೆ. ಅವನಿಗಿಂತ ಮೊದಲು ಬಾಣ ಬಿಡಲಿಲ್ಲ. ಒಂದು ಸಲವೂ ಸಾಯಲಿಲ್ಲ.

ಎರಡನೇ ಬಾಸ್ (ದೊಡ್ಡ ಶತ್ರು) ಬಿದ್ದಾಗ ಒಂದು ಉಂಗುರ ಬಂತು. ನೀಡ್, ಗ್ರೀಡ್, ಪಾಸ್ ಅಂತ ಮೂರು ಬಟನ್. ನೀಡ್ ಅಂದರೆ ಬೇಕು ಅಂತ ತಾನೇ? ಒತ್ತಿದೆ. ಆಟ ಚೀಟಿ ಎತ್ತಿದಂತೆ ಅಂಕಿ ಹಾಕುತ್ತದೆ, ಹೆಚ್ಚು ಬಿದ್ದವನಿಗೆ ವಸ್ತು. ನನಗೆ 91 ಬಿತ್ತು, ಟ್ಯಾಂಕ್‌ಗೆ 40. ಖುಷಿಯಾಯಿತು. ಆ ಉಂಗುರ ಟ್ಯಾಂಕ್‌ಗಷ್ಟೇ ಉಪಯೋಗ, ನಮ್ಮ ಪಾತ್ರಕ್ಕೆ ಬೇಕಾದ್ದಕ್ಕೆ ಮಾತ್ರ ನೀಡ್ ಒತ್ತಬೇಕು ಅನ್ನೋದು ಆಗ ಗೊತ್ತಿರಲಿಲ್ಲ.

ವಾಯ್ಸ್ ಚಾಟ್‌ನಲ್ಲಿ ಒಬ್ಬ ಅಂದ, 'ಏ, ಕಳ್ಳ ಅದಾನ ಇವ. ತಗದ ಹಾಕ್ರಲೇ.'

ನಮ್ಮ ಕೊಪ್ಪಳದ ಕಡೆಯವನೇ! ಮಾತಲ್ಲೇ ಗೊತ್ತಾಯಿತು. ಹೊರಗಿನವನು ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. 'ತಪ್ಪಾಯ್ತು ಅಣ್ಣ, ಉಂಗುರ ವಾಪ' ಅನ್ನುವವರೆಗೆ ಟೈಪ್ ಮಾಡಿದ್ದೆ. ಪರದೆ ಕಪ್ಪಾಯಿತು. ಕಣ್ಣು ಬಿಟ್ಟು ನೋಡಿದರೆ ಆಟದೊಳಗಿನ ಊರಿನ ಬಾವಿಕಟ್ಟೆ ಹತ್ತಿರ ಒಬ್ಬನೇ ನಿಂತಿದ್ದೇನೆ.

ಬಿಡಿ, ತಪ್ಪು ನನ್ನದೇ. ಓದಿಕೊಂಡು ಹೋಗಬೇಕಿತ್ತು.

ಇಲ್ಲ, ಯಾಕೆ ಬಿಡಲಿ? ಮೊದಲೇ ಹೇಳಿದ್ದೆನಲ್ಲ! ಫೈನಲ್ ಫ್ಯಾಂಟಸಿ 14 ಅನ್ನೋ ಆಟದಲ್ಲಿ ಗುಂಪಿನಲ್ಲಿ ಹೊಸಬರಿದ್ದರೆ ಆಟವೇ ಎಲ್ಲರಿಗೂ ತಿಳಿಸುತ್ತದೆ, ಮುಗಿಸಿದರೆ ಬೋನಸ್ ಕೊಡುತ್ತದೆ. ಹೊಸಬರು ಹೊರೆ ಅಲ್ಲ ಅಂತ ತಾನೇ? ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 2004ರಲ್ಲಿ ಬಂತು. ಆಗಿನ ಮೋಲ್ಟನ್ ಕೋರ್ ಅನ್ನೋ ದೊಡ್ಡ ಡಂಜನ್‌ಗೆ 40 ಜನ ಒಟ್ಟಿಗೆ ನುಗ್ಗುತ್ತಿದ್ದರು. ಯಾರೂ ಯಾರಿಗೂ ಹೇಳಿಕೊಡದೆ ಅದು ನಡೆಯುತ್ತಿತ್ತಾ? ನಮ್ಮ ಗವಿಮಠದ ಜಾತ್ರೆಯ ದಾಸೋಹದಲ್ಲಿ ಮೊದಲ ಸಲ ಬಂದವನನ್ನೂ ಕೂರಿಸಿ ರೊಟ್ಟಿ, ಮಾದಲಿ ಬಡಿಸುತ್ತಾರೆ. ಎಲೆ ಮುಂದೆ ಹೇಗೆ ಕೂತೆ ಅಂತ ಯಾರೂ ಎಬ್ಬಿಸಿ ಕಳಿಸಲ್ಲ. ಆ ಊರಿನವನೇ ಹೀಗೆ ಮಾಡಿದನಲ್ಲ!

ಹತ್ತು ಸೆಕೆಂಡ್ ಸಾಕಿತ್ತು. 'ತಮ್ಮಾ, ಅದು ಟ್ಯಾಂಕ್‌ಗೆ, ಕೊಟ್ಟುಬಿಡು' ಅಂದಿದ್ದರೆ ಕೊಡುತ್ತಿದ್ದೆ. ಹಳೆಯ ಆಟಗಾರರು ಯಾರಾದರೂ ಉತ್ತರ ಕೊಡಿ, ಕೇಳಿದವನಿಗೆ ಹೇಳದೆ ಹೊರಹಾಕೋದು ಯಾವ ರೀತಿ?

ಉಂಗುರ ಇನ್ನೂ ನನ್ನ ಚೀಲದಲ್ಲೇ ಇದೆ. ಮಾರಲು ಮನಸ್ಸಿಲ್ಲ. ಆ ಟ್ಯಾಂಕ್ ಹೆಸರೂ ನೆನಪಿಲ್ಲ. ಯಾರಿಗೆ ಕಳಿಸಲಿ, ಹೇಳಿ.