ಬೂದಿ ಮುಚ್ಚಿದ ಕೆಂಡ ಮತ್ತು ವಿನಿಪೆಗ್‌ನ ಲಾರಿ

ನನ್ನ ತಂದೆ ಚಿತ್ರದುರ್ಗದಲ್ಲಿ ಇಪ್ಪತ್ತಾರು ವರ್ಷ ಲಾರಿ ಓಡಿಸಿದವರು. ಚಹಾಕ್ಕೆಂದು ಹತ್ತು ನಿಮಿಷ ನಿಲ್ಲಿಸಿದರೂ ಎಂಜಿನ್ ಆಫ್ ಮಾಡದೆ ಅವರು ಕೆಳಗಿಳಿದದ್ದನ್ನು ನಾನು ನೋಡಿಲ್ಲ. "ನಿಂತಲ್ಲೇ ಕುಡಿಯೋ ಗಾಡಿ ಮನೆ ತೊಳೆಯುತ್ತೆ ಕಣೋ" ಎನ್ನುವುದು ಅವರ ಮಾತು. ಬೆಳಿಗ್ಗೆ ಸೆಲ್ಫ್ ಹೊಡೆದು, ಬ್ರೇಕಿಗೆ ಏರ್ ತುಂಬುವವರೆಗೆ ಐದಾರು ನಿಮಿಷ ಎಂಜಿನ್ ಓಡಲು ಬಿಟ್ಟು, ಅಷ್ಟರಲ್ಲಿ ಕ್ಲೀನರ್ ಗಾಜು ಒರೆಸಿ ಊದುಬತ್ತಿ ಹಚ್ಚಿದರೆ ಗಾಡಿ ಹೊರಡಲು ಸಿದ್ಧ. ಆ ಶಿಸ್ತನ್ನೇ ಹೊತ್ತು ಹನ್ನೊಂದು ವರ್ಷಗಳ ಹಿಂದೆ ನಾನು ಕೆನಡಾದ ವಿನಿಪೆಗ್‌ಗೆ ಬಂದಾಗ ಕಂಡದ್ದು ಇದಕ್ಕೆ ತೀರಾ ವಿರುದ್ಧವಾದ ಧರ್ಮ. ಇಲ್ಲಿನ ಹಳೆಯ ಚಾಲಕರ ಲೆಕ್ಕದಲ್ಲಿ, ಕಡು ಚಳಿ ಹಿಡಿದ ಮೇಲೆ ಎಂಜಿನ್ ಆಫ್ ಮಾಡುವವನು ಒಂದೋ ಹೊಸಬ, ಇಲ್ಲವೇ ಹುಚ್ಚ.

ಮೊದಲ ವರ್ಷ ನಾನು ಎರಡೂ ಆಗಿದ್ದೆ. ಅಮೆರಿಕದ ಮಿಸೌರಿಯಲ್ಲಿ ಟ್ಯಾಂಕ್ ತುಂಬಿಸಿಕೊಂಡು ಬಂದವನು, ರಾತ್ರಿ ಮೈನಸ್ 31 ಡಿಗ್ರಿ ಇದ್ದರೂ ತಂದೆಯ ಪಾಠವನ್ನು ನೆನೆದು ಲಾರಿ ಆರಿಸಿ ಮನೆಗೆ ಹೋದೆ. ಬೆಳಿಗ್ಗೆ ಸ್ಟಾರ್ಟರ್ ಒಮ್ಮೆ ನರಳಿ ಸುಮ್ಮನಾಯಿತು. ಬಿಚ್ಚಿ ನೋಡಿದರೆ ಫಿಲ್ಟರ್ ತುಂಬ ಬಿಳಿಯ ಮೇಣ, ಚಳಿಗಾಲದ ಬೆಳಿಗ್ಗೆ ನಮ್ಮ ಮನೆಗಳ ಶೀಷೆಯಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವ ಹಾಗೆ. ಡೀಸೆಲ್‌ನಲ್ಲಿ ಸಹಜವಾಗಿಯೇ ಇರುವ ಮೇಣ ಶೀತಕ್ಕೆ ಹರಳುಗಟ್ಟುತ್ತದೆ. ಅದಕ್ಕಾಗಿಯೇ ಇಲ್ಲಿನ ಬಂಕ್‌ಗಳಲ್ಲಿ ಚಳಿಗಾಲಕ್ಕೆ ಬೇರೆ ಹದದ ತೆಳುವಾದ ಡೀಸೆಲ್ ಬರುತ್ತದೆ. ಬೆಚ್ಚಗಿನ ದಕ್ಷಿಣದಲ್ಲಿ ತುಂಬಿಸಿದ ಡೀಸೆಲ್‌ಗೆ ಆ ಹದವಿರುವುದಿಲ್ಲ. ಹೆಪ್ಪುಗಟ್ಟದಂತೆ ಕಾಯುವ ದ್ರಾವಣವನ್ನಾದರೂ ಮೊದಲೇ ಬೆರೆಸಬೇಕಿತ್ತು. ಲಾರಿಯನ್ನು ಎಳೆದೊಯ್ದು ಬೆಚ್ಚಗಿನ ಶೆಡ್ಡಿನಲ್ಲಿ ಕರಗಿಸುವಷ್ಟರಲ್ಲಿ ಒಂದೂವರೆ ದಿನ ಕಳೆಯಿತು.

ನಮ್ಮ ದೇಶಕ್ಕೂ ಈ ಸಂಕಟ ಹೊಸದಲ್ಲ. ಮೈನಸ್ 33 ಡಿಗ್ರಿಯವರೆಗೂ ಹರಿಯಬಲ್ಲ ಚಳಿಗಾಲದ ಡೀಸೆಲ್ಲನ್ನು ಇಂಡಿಯನ್ ಆಯಿಲ್ ಸಂಸ್ಥೆ ಲಡಾಖ್‌ಗಾಗಿ ಹೊರತಂದದ್ದು 2019ರಲ್ಲಿ. ಆದರೆ ಚಿತ್ರದುರ್ಗದ ಚಾಲಕನಿಗೆ ಇದೆಲ್ಲ ತಿಳಿದಿರಬೇಕೆಂದು ನಿರೀಕ್ಷಿಸುವುದು ಅನ್ಯಾಯ. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ.

ಇಂಧನ ಹರಿದರೂ ಕಷ್ಟ ಮುಗಿಯುವುದಿಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ; ಒತ್ತಿದ ಗಾಳಿಯ ಕಾವಿನಿಂದಲೇ ಇಂಧನ ಹತ್ತಿಕೊಳ್ಳಬೇಕು, ಆದರೆ ಹಿಮದಂತೆ ತಣ್ಣಗಾದ ಕಬ್ಬಿಣದ ಗೋಡೆ ಆ ಕಾವನ್ನು ಹುಟ್ಟುವ ಮೊದಲೇ ಹೀರಿಬಿಡುತ್ತದೆ. ಅದೇ ಹೊತ್ತಿಗೆ ಬ್ಯಾಟರಿಯ ಬಲ ಅರ್ಧಕ್ಕೆ ಇಳಿದಿರುತ್ತದೆ, ಎಂಜಿನ್ ಆಯಿಲ್ ಕಾಕಂಬಿಯಂತೆ ಗಟ್ಟಿಯಾಗಿರುತ್ತದೆ. ನಮ್ಮೂರಿನಲ್ಲಿ ಎಲ್ಲರೂ ಸುರಿಯುವ 15ಡಬ್ಲ್ಯೂ-40 ಆಯಿಲ್ ಇಲ್ಲಿನ ಜನವರಿಗೆ ಹೇಳಿದ್ದಲ್ಲ. ಶೀತದಲ್ಲೂ ತೆಳುವಾಗಿಯೇ ಹರಿಯುವ 5ಡಬ್ಲ್ಯೂ ಅಥವಾ 0ಡಬ್ಲ್ಯೂ ಬೇಕು. (ರೇಡಿಯೊದವರು ಹೇಳುವ "ಗಾಳಿ ಸೇರಿ ಮೈನಸ್ 45" ಎಂಬ ಲೆಕ್ಕ ಚರ್ಮಕ್ಕೆ ಸಂಬಂಧಿಸಿದ್ದು, ಕಬ್ಬಿಣಕ್ಕಲ್ಲ. ಗಾಳಿ ಎಂಜಿನ್ನನ್ನು ಬೇಗ ತಣಿಸಬಹುದೇ ಹೊರತು ಹೊರಗಿನ ಉಷ್ಣಾಂಶಕ್ಕಿಂತ ಕೆಳಗೆ ಇಳಿಸಲಾರದು.)

ಹಾಗಾದರೆ ರಾತ್ರಿಯಿಡೀ ಎಂಜಿನ್ ಓಡಿಸುವ ಇಲ್ಲಿನ ಹಿರಿಯರೇ ಸರಿಯೇ? ಬಹಳ ಕಾಲ ನಾನೂ ಹಾಗೆಯೇ ನಂಬಿದ್ದೆ. ಈಗ ಒಪ್ಪುವುದಿಲ್ಲ. ನಿಂತ ದೊಡ್ಡ ಲಾರಿ ಗಂಟೆಗೆ ಸುಮಾರು 3 ಲೀಟರ್ ಕುಡಿಯುತ್ತದೆ, ಹತ್ತು ಗಂಟೆಯ ವಿಶ್ರಾಂತಿಗೆ 30 ಲೀಟರ್. ಹಣ ಹೋಗಲಿ ಎನ್ನೋಣ. ಕಡು ಚಳಿಯಲ್ಲಿ ಕಡಿಮೆ ವೇಗದಲ್ಲಿ ಓಡುವ ಡೀಸೆಲ್ ಎಂಜಿನ್ ಬಿಸಿಯಾಗುವುದೇ ಇಲ್ಲ, ಮೊದಲಿದ್ದ ಬಿಸಿಯನ್ನೂ ನಿಧಾನವಾಗಿ ಕಳೆದುಕೊಳ್ಳುತ್ತದೆ. ಪೂರ್ತಿ ಉರಿಯದ ಇಂಧನ ಸಿಲಿಂಡರಿನ ಗೋಡೆಯ ಆಯಿಲ್ ತೊಳೆದುಕೊಂಡು ಕೆಳಗಿಳಿದು ಉಳಿದ ಆಯಿಲ್ಲನ್ನೂ ತೆಳುವಾಗಿಸುತ್ತದೆ. ಹೊಗೆನಳಿಕೆಯ ಫಿಲ್ಟರಿನಲ್ಲಿ ಮಸಿ ಕಟ್ಟುತ್ತದೆ. ಎಂಜಿನ್ನಿನ ಮೇಲಿನ ಪ್ರೀತಿಯಿಂದಲೇ ಅದನ್ನು ಸವೆಸುವ ಕ್ರಮವಿದು. ಓಡಿಸಲೇಬೇಕಾದರೆ ವೇಗವನ್ನು 1,000 ಆರ್‌ಪಿಎಂ ಆಸುಪಾಸಿಗೆ ಏರಿಸಿ, ಮುಂದಿನ ಜಾಲರಿಗೆ ಹೊದಿಕೆ ಕಟ್ಟಬೇಕು. ಅನೇಕರು ಅಷ್ಟನ್ನೂ ಮಾಡುವುದಿಲ್ಲ.

ಇದಕ್ಕೆ ಉತ್ತರವನ್ನು ನಾನು ಕಂಡುಕೊಂಡದ್ದು ಅಜ್ಜಿಯ ಅಡುಗೆಮನೆಯ ನೆನಪಿನಲ್ಲಿ. ಅಜ್ಜಿ ರಾತ್ರಿಯಿಡೀ ಒಲೆ ಉರಿಸುತ್ತಿರಲಿಲ್ಲ, ಪೂರ್ತಿ ನಂದಿಸುತ್ತಲೂ ಇರಲಿಲ್ಲ. ಕೆಂಡದ ಮೇಲೆ ಬೂದಿ ಮುಚ್ಚಿ ಮಲಗುತ್ತಿದ್ದರು, ಬೆಳಿಗ್ಗೆ ಊದುಗೊಳವೆಯಲ್ಲಿ ನಾಲ್ಕು ಸಲ ಊದಿದರೆ ಬೆಂಕಿ. ಇಲ್ಲಿ ಆ ಬೂದಿ ಮುಚ್ಚಿದ ಕೆಂಡದ ಕೆಲಸ ಮಾಡುವುದು ಬ್ಲಾಕ್ ಹೀಟರ್, ಅಂದರೆ ಎಂಜಿನ್ನಿನೊಳಗಿನ ಕೂಲೆಂಟ್ ನೀರನ್ನು ಕರೆಂಟಿನಿಂದ ಬೆಚ್ಚಗಿಡುವ ಸಾಧನ. ಎಂಜಿನ್ನನ್ನು ಹೀಗೆ ಕರೆಂಟಿನಿಂದ ಬೆಚ್ಚಗಿಡುವ ಹೀಟರಿಗೆ 1949ರಲ್ಲಿ ಪೇಟೆಂಟ್ ಪಡೆದ ಆಂಡ್ರ್ಯೂ ಫ್ರೀಮನ್, ಇಲ್ಲಿಂದ ಸುಮಾರು 230 ಕಿಲೋಮೀಟರ್ ದಕ್ಷಿಣಕ್ಕೆ ಅಮೆರಿಕದಲ್ಲಿರುವ ಗ್ರ್ಯಾಂಡ್ ಫೋರ್ಕ್ಸ್‌ನವರು. ವಿನಿಪೆಗ್‌ನ ಬೀದಿಗಳಲ್ಲಿ ಕಾರುಗಳ ಮೂತಿಯಿಂದ ಪ್ಲಗ್ಗಿನ ತಂತಿ ನೇತಾಡುವುದನ್ನು ಕಂಡು ಹೊಸದಾಗಿ ಬಂದವರು ಇವೆಲ್ಲ ವಿದ್ಯುತ್ ಕಾರುಗಳೆಂದೇ ತಿಳಿಯುತ್ತಾರೆ. ಲಾರಿಯ 1,500 ವಾಟ್ ಹೀಟರ್ ಹತ್ತು ಗಂಟೆಗೆ ಬಳಸುವುದು 15 ಯೂನಿಟ್. ವಿನಿಪೆಗ್ ಇರುವ ಮ್ಯಾನಿಟೋಬಾ ಪ್ರಾಂತ್ಯದ ಕರೆಂಟು ಬಹುಪಾಲು ನೆಲ್ಸನ್ ಮುಂತಾದ ನದಿಗಳ ನೀರಿನಿಂದ ಬರುವಂಥದ್ದು, ನಮ್ಮ ಶರಾವತಿಯ ಕರೆಂಟಿನಂತೆ. ಕ್ಯಾಬಿನ್ನಿನಲ್ಲಿ ಮಲಗುವವನ ಮೈ ಬೆಚ್ಚಗಿಡಲು ಗಂಟೆಗೆ ಕಾಲು ಲೀಟರಿನ ಆಸುಪಾಸಿನಲ್ಲೇ ಮುಗಿಸುವ ಪುಟ್ಟ ಡೀಸೆಲ್ ಹೀಟರ್ ಸಿಗುತ್ತದೆ. 30 ಲೀಟರಿನ ಕೆಲಸ ಎರಡೂವರೆ ಲೀಟರಿಗೂ ಹದಿನೈದು ಯೂನಿಟ್ಟಿಗೂ ಇಳಿಯಿತು.

ತಕರಾರು ಇರುವುದು ಪ್ಲಗ್ಗಿನ ಇನ್ನೊಂದು ತುದಿಯ ಬಗ್ಗೆ. ಇಲ್ಲಿ ಕಚೇರಿಯ ಕಾರಿಗೆ ಪ್ಲಗ್ ಸಿಗುತ್ತದೆ, ಹೆದ್ದಾರಿಯ ಬದಿಯಲ್ಲಿ ರಾತ್ರಿ ಕಳೆಯುವ ಲಾರಿಗೆ ಬಹುತೇಕ ಕಡೆ ಸಿಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಭಾರೀ ಡೀಸೆಲ್ ವಾಹನ ನಿಂತಲ್ಲೇ 5 ನಿಮಿಷಕ್ಕಿಂತ ಹೆಚ್ಚು ಓಡಬಾರದೆಂಬ ನಿಯಮವಿದೆ, ಆ ಹವೆಗೆ ಅದು ಸರಿ. ಚಳಿಯ ನಾಡಿನಲ್ಲಿ ಪ್ಲಗ್ಗಿನ ಕಂಬಗಳನ್ನು ನೆಡದೆ ಅಂಥ ನಿಯಮವನ್ನು ಮಾತ್ರ ತಂದರೆ ದಂಡ ಕಟ್ಟುವವನು ಚಾಲಕ, ಮತ್ತು ಡೀಸೆಲ್ ಖರ್ಚು ಹೆಚ್ಚಿತೆಂದು ಬೈಸಿಕೊಳ್ಳುವವನೂ ಅವನೇ. ಕ್ಯಾಬಿನ್ ಹೀಟರಿಗೆ ದುಡ್ಡು ಹಾಕದ ಮಾಲೀಕರು ರಾತ್ರಿಯ ಡೀಸೆಲ್ ಲೆಕ್ಕ ಕೇಳುವುದು ನನಗೆ ಅರ್ಥವಾಗದ ಸಂಗತಿ.

ನನ್ನ ಈಗಿನ ಕ್ರಮ ಹೀಗಿದೆ. ಮೈನಸ್ 15ರವರೆಗೆ ಆಫ್ ಮಾಡುತ್ತೇನೆ. ಅದಕ್ಕಿಂತ ಕೆಳಗಿಳಿದರೆ ಪ್ಲಗ್ ಹುಡುಕುತ್ತೇನೆ. ಉತ್ತರದ ಥಾಂಪ್ಸನ್ ಕಡೆಗೆ, ವಾಹನ ತಯಾರಕರು ಚಳಿಯ ಪರೀಕ್ಷೆಗೆಂದೇ ತಮ್ಮ ಗಾಡಿಗಳನ್ನು ತರುವ ಆ ಊರಿನ ದಾರಿಯಲ್ಲಿ, ಮೈನಸ್ 35 ದಾಟಿ ಪ್ಲಗ್ಗೂ ಸಿಗದ ರಾತ್ರಿ ಮಾತ್ರ ಎಂಜಿನ್ ವೇಗ ಏರಿಸಿಟ್ಟು ಮಲಗುತ್ತೇನೆ. ಅಂಥ ರಾತ್ರಿ ಊರಿಗೆ ಫೋನ್ ಮಾಡಿದರೆ ಅಪ್ಪ ಮೊದಲು ಕೇಳುವುದು ಊಟದ ಬಗ್ಗೆಯಲ್ಲ: "ಏನೋ ಅದು ಸದ್ದು, ಗಾಡಿ ಇನ್ನೂ ಆಫ್ ಮಾಡಿಲ್ವಾ?"