ಪೋಲಿಯೊ ಹನಿ ಮತ್ತೆ ಮತ್ತೆ ಯಾಕೆ?

‘ಒಂದೇ ಮಗುವಿಗೆ ಪದೇ ಪದೇ ಪೋಲಿಯೊ ಹನಿ ಹಾಕ್ತಾರೆ ಅಂದ್ರೆ ಅದು ಕೆಲಸ ಮಾಡಲ್ಲ ಅಂತಲೇ ಅರ್ಥ’ ಎನ್ನುವ ಸಂದೇಶ ಮಂಡ್ಯ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತದೆ. ಹಂಚುವವರದ್ದು ಮಕ್ಕಳ ಮೇಲಿನ ಕಾಳಜಿಯೇ. ಆದರೆ ಮಾತು ಸರಿಯಲ್ಲ.

ಬಾಯಿಗೆ ಹಾಕುವ ಹನಿ ಕರುಳಿನಲ್ಲಿ ನೆಲೆಯೂರಿದರೆ ಮಾತ್ರ ರಕ್ಷಣೆ. ಭೇದಿ, ಬೇರೆ ಸೋಂಕು ಇದ್ದಾಗ ಒಂದು ಸಲದ ಹನಿ ಹತ್ತದೇ ಹೋಗಬಹುದು. ಅದಕ್ಕೇ ಮತ್ತೆ ಮತ್ತೆ ಹಾಕುವುದು. ಒಂದೇ ದಿನ ಊರಿನ ಮಕ್ಕಳಿಗೆಲ್ಲ ಹಾಕುವುದರಿಂದ ವೈರಸ್ಸಿಗೆ ದಾಟಲು ಜಾಗ ಸಿಗುವುದಿಲ್ಲ.

ಯೋಜನೆ ಫಲಿಸಿತೇ ಎಂದು ತಿಳಿಯಲು ರೋಗ ಎಷ್ಟಿತ್ತು, ಎಷ್ಟಾಯಿತು, ಎಣಿಸಿದ್ದು ಹೇಗೆ ಎಂದು ಕೇಳಬೇಕು. ಭಾರತದಲ್ಲಿ 2009ರಲ್ಲಿ 741 ಪ್ರಕರಣ, 2010ರಲ್ಲಿ 42, 2011ರಲ್ಲಿ ಒಂದು. ಆಮೇಲೆ ಕಾಡು ಪೋಲಿಯೊ, ಅಂದರೆ ಸಹಜವಾಗಿ ಹರಡುವ ಮೂಲ ವೈರಸ್ಸಿನ ಪೋಲಿಯೊ, ಕಂಡಿಲ್ಲ. ಹುಡುಕುವುದನ್ನೇ ನಿಲ್ಲಿಸಿದ್ದರಿಂದ ಸೊನ್ನೆಯಾದದ್ದಲ್ಲ. 15 ವರ್ಷದೊಳಗಿನ ಮಗುವಿನ ಕೈಕಾಲು ಇದ್ದಕ್ಕಿದ್ದಂತೆ ಸೋತರೆ ಇವತ್ತಿಗೂ ಎರಡು ಸಲ ಮಲದ ಮಾದರಿ ತೆಗೆದು ಪರೀಕ್ಷಿಸುತ್ತಾರೆ. ನನಗೆ ಅತಿ ಮುಖ್ಯ ಅನ್ನಿಸುವುದು ಇದೇ. ಈ ಅಂಕಿಗಳು ವಿಶ್ವ ಆರೋಗ್ಯ ಸಂಸ್ಥೆಯ ಜಾಲತಾಣದಲ್ಲೇ ಸಿಗುತ್ತವೆ. ಫಾರ್ವರ್ಡ್‌ನಲ್ಲಿ ಇಸವಿ, ಅಂಕಿ, ಮೂಲ ಇವೆಯೇ ನೋಡಿ.

ಬೂತಿನಲ್ಲೂ ಒಂದು ಪರೀಕ್ಷೆ ಮಾಡಬಹುದು. ಹನಿಯ ಸೀಸೆ ತೋರಿಸಿ ಎಂದು ಆಶಾ ಅಕ್ಕನನ್ನು ಕೇಳಿ. ಲೇಬಲ್ಲಿನ ವೃತ್ತದೊಳಗಿನ ಚೌಕ ಸುತ್ತಲಿನ ಬಣ್ಣಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಬಿಸಿಗೆ ಕೆಟ್ಟಿಲ್ಲ. ಬಣ್ಣ ಒಂದೇ ಆಗಿದ್ದರೆ ಅದನ್ನು ಹಾಕಬಾರದು.